ಆರು ಪಾಕೀಟಿನ ಮಾಸ್ತರು

ಹೋದ ತಿಂಗಳು ಕಚೇರಿಯಲ್ಲಿ ನನಗೆ ಒಂದು ಸಣ್ಣ ಕೆಲಸ ಬಂತು. ತೀರಿಕೊಂಡವರೊಬ್ಬರ ಸಹಿಯನ್ನು ಮುಚ್ಚಬೇಕಿತ್ತು. ನಮ್ಮಲ್ಲಿ ಸಹಿ ಎಂದರೆ ಕಾಗದದ ಮೇಲಿನ ಗೀಟಲ್ಲ. ಒಬ್ಬರ ಹೆಸರಿಗೆ ಕಂಪ್ಯೂಟರಿನಲ್ಲಿ ಕೊಟ್ಟಿರುವ ಗುಟ್ಟಿನ ಸಂಖ್ಯೆಗಳ ಒಂದು ಕಟ್ಟು. ಆ ವ್ಯಕ್ತಿ ಇಲ್ಲವಾದ ಮೇಲೆ ಆ ಕಟ್ಟಿನಿಂದ ಬಂದ ಯಾವುದನ್ನೂ ಒಪ್ಪಬಾರದೆಂದು ಬರೆದು ಹಾಕುತ್ತೇವೆ. ಕಾರಣ ಕೇಳುವ ಜಾಗದಲ್ಲಿ ‘ನಿಧನ’ ಎಂದು ಬರೆದೆ. ಒಂದು ನಿಮಿಷದ ಕೆಲಸ. ಮುಗಿಸಿ ಕೆಳಗಿಳಿದು, ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಮೇಲೆ ಬಂದೆ.

ಅವರ ಬಗ್ಗೆ ಬರೆಯಬೇಕು ಅನ್ನಿಸಿದ್ದು ಆಗ. ಹೆಸರು ಬರೆಯುವುದಿಲ್ಲ. ಅವರ ಮನೆಯವರನ್ನು ಕೇಳಿಲ್ಲ, ಕೇಳುವಷ್ಟು ಸಲಿಗೆ ನನಗಿಲ್ಲ. ಕಮಲಾಪುರದ ಬಾಳೆ ಬೆಳೆಗಾರರು ಅವರನ್ನು ಮಾಸ್ತರು ಅನ್ನುತ್ತಿದ್ದರು. ನಾನು ಎದುರಿಗೆ ಸರ್ ಅನ್ನುತ್ತಿದ್ದೆ. ಇಲ್ಲಿ ಮಾಸ್ತರು ಎಂದೇ ಇರಲಿ.

ಕಲಬುರಗಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಮನೆ ಖೂಬಾ ಪ್ಲಾಟ್ ಬಡಾವಣೆಯಲ್ಲಿ. ನಿವೃತ್ತಿಯ ನಂತರ ಅವರ ಹಳೆಯ ವಿದ್ಯಾರ್ಥಿಯೊಬ್ಬರು ನಂದೂರಿನ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಕಂಪನಿ ತೆರೆದು ಅವರನ್ನು ಕರೆದುಕೊಂಡರು. ನಾನು ಎಂ.ಎಸ್ಸಿ. ಮುಗಿಸಿ ಸೇರಿದ್ದು ಅಲ್ಲಿಗೇ. ಕಂಪನಿ ಇರುವುದು ಒಂದು ದಾಲ್ ಮಿಲ್ಲಿನ ಮೇಲಿನ ಮಹಡಿಯಲ್ಲಿ. ಕೆಳಗೆ ಮಿಲ್ಲು ಓಡುವಾಗ ನಮ್ಮ ಮೇಜುಗಳು ಸಣ್ಣಗೆ ನಡುಗುತ್ತವೆ, ತೊಗರಿ ಹೊಟ್ಟಿನ ಧೂಳು ಕೀಬೋರ್ಡಿನ ಸಂದಿಗಳಲ್ಲಿ ಕೂರುತ್ತದೆ. ಮಾಸ್ತರು ಬೆಳಿಗ್ಗೆ ಬಂದವರೇ ಎಲ್ಲರ ಕೀಬೋರ್ಡನ್ನೂ ಒಂದೊಂದಾಗಿ ಮಗುಚಿ ಎರಡು ಸಲ ತಟ್ಟಿ ಇಡುತ್ತಿದ್ದರು. ಏನಾದರೂ ಉದುರಿದರೆ, “ತಗೋ, ನಿನ್ನ ಪಾಲಿನ ಬ್ಯಾಳಿ” ಅನ್ನುತ್ತಿದ್ದರು.

ನಮ್ಮ ಕೆಲಸ ಕಮಲಾಪುರದ ಕೆಂಪು ಬಾಳೆಗೆ ಸಂಬಂಧಪಟ್ಟದ್ದು. ಆ ಹಣ್ಣಿಗೆ ಹೆಸರಿದೆ. ಹೆಸರಿರುವುದರಿಂದಲೇ ಬೇರೆ ಕಡೆಯ ಕೆಂಪು ಬಾಳೆಯನ್ನು ಕಮಲಾಪುರದ್ದು ಎಂದು ಮಾರುವವರೂ ಇದ್ದಾರೆ. ಅದಕ್ಕೆ ನಲವತ್ತು ಮನೆಗಳ ಒಂದು ಬೆಳೆಗಾರರ ಸಂಘ ತಮ್ಮ ಪ್ರತಿ ಗೊನೆಗೂ ಚೀಟಿ ಕಟ್ಟುವ ವ್ಯವಸ್ಥೆ ಮಾಡಿಕೊಂಡಿತ್ತು. ಯಾವ ಹೊಲದ್ದು, ಎಂದು ಕಡಿದದ್ದು, ಯಾವ ದರ್ಜೆಯದು ಎಂಬುದು ಬ್ಲಾಕ್‌ಚೈನಿನಲ್ಲಿ ದಾಖಲಾಗುತ್ತದೆ. ಒಂದೇ ದಫ್ತರವನ್ನು ಹಲವರು ಹಲವು ಕಡೆ ಇಟ್ಟುಕೊಂಡಂತೆ ಅದು. ಒಂದು ಪುಟ ಹಿಂದಿನ ಪುಟಕ್ಕೆ ಬಿಗಿದಿರುತ್ತದೆ, ಯಾರೂ ಸದ್ದಿಲ್ಲದೆ ತಿದ್ದಲಾಗದು. ಬೆಳೆಗಾರರು ಅದನ್ನು ‘ಸರಪಳಿ’ ಎಂದು ಕರೆಯುತ್ತಿದ್ದರು. ದಾಖಲೆ ಸಂಘದ್ದೇ ಎಂದು ತೋರಿಸುವುದು ಸಂಘದ ಸಹಿ; ಅದನ್ನು ಪರೀಕ್ಷಿಸುವ ಕೀಲಿ ಪ್ರತಿ ಮನೆಯ ಫೋನಿನಲ್ಲಿರುತ್ತದೆ. ಆ ಸಹಿಯೇ ಮಾಸ್ತರ ಚಿಂತೆ.

ಇಂದು ಎಲ್ಲರೂ ಬಳಸುವ ಇಂಥ ಸಹಿಗಳಲ್ಲಿ ಎಲ್ಲರಿಗೂ ಕಾಣುವ ಒಂದು ಭಾಗ, ಗುಟ್ಟಿನ ಒಂದು ಭಾಗ ಇರುತ್ತವೆ. ಕಾಣುವ ಭಾಗದಿಂದ ಗುಟ್ಟನ್ನು ಲೆಕ್ಕ ಹಾಕಿ ತೆಗೆಯುವುದು ಇವತ್ತಿನ ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಸಾಧ್ಯವಾಗುತ್ತದೆ. ಅದು ಬಂದಿಲ್ಲ. ಆದರೆ ಸರಪಳಿ ಏನನ್ನೂ ಅಳಿಸುವುದಿಲ್ಲವಲ್ಲ. ಇಂದು ಮಾಡಿದ ಸಹಿಯ ಕಾಣುವ ಭಾಗ ಅಲ್ಲೇ ಬಿದ್ದು ಆ ಯಂತ್ರಕ್ಕಾಗಿ ಕಾಯುತ್ತಿರುತ್ತದೆ. ಮಾಸ್ತರು ಹಳೆಯ ಸಹಿಯನ್ನು ತೆಗೆದು ಹೊಸ ಬಗೆಯದನ್ನು ತರಲು ಮೂರು ವರ್ಷ ಕೂತರು. ನಿವೃತ್ತಿಯ ನಂತರ ಅವರು ಮಾಡಿದ್ದು ಅದೊಂದೇ ಕೆಲಸ.

ನಮ್ಮ ಕಚೇರಿಯ ಹುಡುಗರಿಗೆ ಇದು ತಮಾಷೆಯ ವಿಷಯವಾಗಿತ್ತು. ಒಬ್ಬ ಕೇಳಿಯೇಬಿಟ್ಟ: “ಇನ್ನಾ ಹುಟ್ಟದ ಕಳ್ಳಗ ಈಗೇ ಯಾಕ್ರೀ ಸರ್ ಕೀಲಿ?”

“ಕಳ್ಳ ಯಾವಾಗ ಹುಟ್ತಾನ ನನಗ ಗೊತ್ತಿಲ್ಲಪ್ಪ. ಕೀಲಿ ಬದಲ್ ಮಾಡ್ಲಾಕ ನಮಗ ಎಷ್ಟು ದಿನಾ ಬೇಕು, ಅದರ ಅಂದಾಜದ. ನಲವತ್ತು ಮನಿ. ಅದರಾಗ ಹತ್ತು ಮನ್ಯಾಗ ಫೋನ್ ಇರೂದು ಮಗನ ಕಿಸೇದಾಗ, ಮಗ ಇರೂದು ಹೊಲದಾಗ. ನೀ ಹೋಗಿ ಎಲ್ಲರ ಕೀಲಿ ಬದಲ್ ಮಾಡ್ಕೊಂಡು ಬಾ. ಆಮ್ಯಾಲ ಕಳ್ಳನ ಮಾತು ಆಡೂಣು.”

‘ಸುರಕ್ಷಿತ’ ಎಂಬ ಮಾತನ್ನು ಅವರು ಒಂಟಿಯಾಗಿ ಬಿಡುತ್ತಿರಲಿಲ್ಲ. ಯಾರಾದರೂ ಇದು ಸುರಕ್ಷಿತ ಎಂದರೆ ಎರಡು ಪ್ರಶ್ನೆ: “ಯಾರಿಂದ? ಎಲ್ಲಿ ತನಕ?” ಕಾವಲುಗಾರ ಒಂದು ಸಂಜೆ, “ಗೇಟ್ ಹಾಕೀನ್ರೀ, ಏನ್ ಕಾಳಜಿ ಮಾಡಬ್ಯಾಡ್ರಿ” ಅಂದಾಗಲೂ ಅದೇ ಕೇಳಿದರು. ಅವನು ತಲೆ ಕೆರೆದುಕೊಂಡು, “ನಾಯಿಯಿಂದ್ರೀ. ನಾ ಮಲಗೂ ತನಕ್ರೀ” ಅಂದ. ಮಾಸ್ತರು ಅವನ ಬೆನ್ನು ತಟ್ಟಿ ಮೇಲೆ ಬಂದು, ಈ ಕಟ್ಟಡದಲ್ಲಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟವನು ಅವನೊಬ್ಬನೇ ಎಂದು ನಮಗೆಲ್ಲ ಹೇಳಿದರು.

ಅವರ ಬೆರಳಲ್ಲಿ ಒಂದು ತೆಳುವಾದ ಬೆಳ್ಳಿ ಉಂಗುರವಿತ್ತು. ನಾವು ಏನನ್ನಾದರೂ ವಿವರಿಸುವಾಗ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಮಗೆ ಸರಿಯಾಗಿ ಗೊತ್ತಿಲ್ಲದ ದೊಡ್ಡ ಶಬ್ದ ಬಳಸಿದರೆ ಉಂಗುರದಿಂದ ಮೇಜಿಗೆ ಒಂದು ಸಲ ತಟ್ಟುತ್ತಿದ್ದರು, ಅಷ್ಟೇ. ಗೊತ್ತಿದ್ದು ಬಳಸಿದರೆ ತಟ್ಟುತ್ತಿರಲಿಲ್ಲ. ಅದು ಅವರಿಗೆ ಹೇಗೆ ತಿಳಿಯುತ್ತಿತ್ತೋ. ನಾನು ಮಾತಾಡುವಾಗ ತಟ್ಟು ಬೀಳುತ್ತಿದ್ದದ್ದು ಕಡಿಮೆ. ಅದಕ್ಕೆ ಕಾರಣ ನನ್ನ ಜ್ಞಾನವಲ್ಲ, ನಾನು ಮಾತಾಡುತ್ತಿದ್ದದ್ದೇ ಕಡಿಮೆ.

ತಿಂಗಳಿಗೆ ಒಂದೆರಡು ಸಲ ಬ್ಯಾಂಕಿನ ಕೆಲಸಕ್ಕೋ ಪ್ರಿಂಟಿಗೋ ಊರೊಳಗೆ ಹೋದಾಗ ಮೋಮಿನಪುರದ ಒಂದು ಹೋಟೆಲಿನಲ್ಲಿ ಚಹಾ ಕುಡಿಸುತ್ತಿದ್ದರು. ಆ ಹೋಟೆಲಿನವರಿಗೆ ಇವರು ಎಂದೋ ಆ ಕ್ವಾಂಟಮ್ ಯಂತ್ರದ ಕಥೆ ಹೇಳಿದ್ದರು. ಅಂದಿನಿಂದ ಇವರು ಮೆಟ್ಟಿಲು ಹತ್ತಿದ ಕೂಡಲೇ ಗಲ್ಲಾಪೆಟ್ಟಿಗೆಯ ಹಿಂದಿನಿಂದ, ಆ ಮಷಿನ್ ಬಂತೇ ಎಂದು ಕೂಗು:

“ಕ್ಯಾ ಮಾಸ್ಟರ್ ಸಾಬ್, ಆಯಾ ಕ್ಯಾ ಓ ಮಷೀನ್?”

“ಅಬ್ಬೀ ನೈ ಆಯಾ, ಭಾಯಿ.”

“ನೈ ಆಯಾ? ಚಲೋ, ಬೈಠೋ. ಚಾಯ್ ಪಿಯೋ.”

ಇಬ್ಬರೂ ನಗುತ್ತಿರಲಿಲ್ಲ. ಊರಿಗೆ ಬರಬೇಕಾದ ನೆಂಟರ ವಿಷಯ ವಿಚಾರಿಸಿದಂತೆ ಇರುತ್ತಿತ್ತು ಆ ಮಾತು.

ಕಚೇರಿಯಲ್ಲಿ ಅವರು ಹಾಕಿಕೊಟ್ಟ ಒಂದು ಪದ್ಧತಿ ಈಗಲೂ ಇದೆ. ಶನಿವಾರ ನಾಲ್ಕು ಗಂಟೆಗೆ ಮಿಲ್ಲು ನಿಂತ ಮೇಲೆ, ಚಹಾ ಮತ್ತು ಮಿರ್ಚಿ ಭಜಿ ಬರುತ್ತವೆ. ಪ್ರತಿಯೊಬ್ಬರೂ ಆ ವಾರ ತಾವು ಮಾಡಿದ ಒಂದು ತಪ್ಪು ಹೇಳಬೇಕು. ಹೇಳಿದವರಿಗೆ ಭಜಿ. ಮಾಸ್ತರೇ ಮೊದಲು ಹೇಳುತ್ತಿದ್ದರು, ಸಂಕೋಚವಿಲ್ಲದೆ. ಒಂದು ಸಲ ತಿಂಗಳುಗಟ್ಟಲೆ ಕೂತು ಬರೆದ ಒಂದು ಪ್ರಮೇಯದ ಸಾಧನೆಯ ಎರಡನೇ ಸಾಲಿನಲ್ಲೇ ತಪ್ಪಿದೆ ಎಂದು ಹೇಳಿ ಭಜಿ ಕಚ್ಚಿದರು. ನಾನು ಪ್ರತಿ ಶನಿವಾರ ಏನಾದರೂ ಚಿಕ್ಕದನ್ನು ಆರಿಸಿಕೊಂಡು ಬರುತ್ತಿದ್ದೆ. ಒಂದು ಫೈಲಿಗೆ ತಪ್ಪು ಹೆಸರು ಕೊಟ್ಟೆ, ಒಂದು ಪತ್ರ ತಡವಾಗಿ ಕಳಿಸಿದೆ, ಇಂಥವು. ಒಂದು ದಿನ ಅವರು ಕೇಳಿ ಮುಗಿಸಿ ನನ್ನ ಕಡೆ ಭಜಿಯ ತಟ್ಟೆ ಸರಿಸುತ್ತ ಅಂದರು:

“ಇದು ತಪ್ಪಲ್ಲವ್ವಾ, ಇದು ಶೃಂಗಾರ. ಕುಂಕುಮ ಇಟ್ಕೊಂಡಂಗ ಇಟ್ಕೊಂಡು ಬರ್ತೀ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮುಖ ಬಿಸಿಯಾಗಿತ್ತು.

ಹೊಸ ಸಹಿಯನ್ನು ಸಂಘದವರಿಗೆ ಒಪ್ಪಿಸಿದ್ದು ಅವರೇ. ಅದರ ತತ್ವ ಸರಳ. ಗುಟ್ಟಿನ ಸಂಖ್ಯೆಗಳ ಸಾವಿರಾರು ಕಂತೆಗಳನ್ನು ಮೊದಲೇ ಮಾಡಿಟ್ಟುಕೊಳ್ಳುವುದು. ಒಂದು ಸಹಿಗೆ ಒಂದು ಕಂತೆ. ಸಹಿ ಮಾಡುವುದೆಂದರೆ ಆ ಕಂತೆಯ ಅರ್ಧ ಗುಟ್ಟನ್ನು ಬಿಚ್ಚಿ ತೋರಿಸುವುದು. ಬಿಚ್ಚಿದ ಕಂತೆಯನ್ನು ಮತ್ತೆಂದೂ ಮುಟ್ಟಬಾರದು. ಎಷ್ಟನೇ ಕಂತೆಯವರೆಗೆ ಬಂದೆವು ಎಂಬ ಎಣಿಕೆ ಎಂದೂ ಹಿಂದಕ್ಕೆ ಹೋಗಬಾರದು. ಇದನ್ನು ನನಗೆ ವಿವರಿಸಿದ ದಿನ ಕೊನೆಗೆ ಕೇಳಿದರು: “ತಿಳೀತೇನು?”

“ತಿಳೀತ್ರೀ ಸರ್.”

“ಏನರೆ ತಿಳೀಲಿಲ್ಲಂದ್ರ ಕೇಳು.”

“ಹೂಂ ಸರ್” ಅಂದೆ.

ಬೆಳೆಗಾರರು ಆ ಹಂಗಾಮಿನ ಮಟ್ಟಿಗೆ ಹೊಸದನ್ನು ನೋಡೋಣ ಎಂದಿದ್ದರು. ಸರಿಬಂದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಸರಪಳಿಯನ್ನೇ ಬಿಡುವುದು. ಅವರು ಬಿಟ್ಟರೆ ಕಂಪನಿ ಈ ಕೆಲಸವನ್ನು ಮುಚ್ಚುತ್ತದೆ ಎಂದು ಮಾಲೀಕರು ಮೊದಲೇ ಹೇಳಿದ್ದರು. ಮಾಸ್ತರ ಮೂರು ವರ್ಷ ಆ ಮಾತಿನ ಮೇಲೆ ನಿಂತಿತ್ತು.

ಕಮಲಾಪುರದ ಶೆಡ್ಡಿನಲ್ಲಿ ಸಹಿ ಮಾಡುವ ಪುಟ್ಟ ಯಂತ್ರವನ್ನು ನೋಡಿಕೊಳ್ಳುವವಳು ನಾನು. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದು ಹೋಗಿ ಬಂದು, ಯಂತ್ರದ ಡಿಸ್ಕು ಕೆಟ್ಟಿತು. ನಾನು ದಿನಾ ಬೆಳಿಗ್ಗೆ ಅದರ ಪೂರ್ತಿ ನಕಲು ತೆಗೆದಿಡುತ್ತಿದ್ದೆ. ಯಾರೂ ಹೇಳದಿದ್ದರೂ ತೆಗೆದಿಡುವ ಜಾತಿ ನನ್ನದು. ಹೊಸ ಡಿಸ್ಕಿಗೆ ಅಂದಿನ ಬೆಳಗಿನ ನಕಲು ಹಾಕಿದೆ. ಒಂದು ಗಂಟೆಯಲ್ಲಿ ಎಲ್ಲವೂ ಮೊದಲಿನಂತೆ ನಡೆಯಿತು. ಶೆಡ್ಡಿನ ಹೆಂಗಸರು, “ಎಷ್ಟ ಶಾಣ್ಯಾ ಅದಾಳ ನೋಡ್ರಿ” ಅಂದರು.

ಮುಂದಿನ ಮಂಗಳವಾರ ವರದಿ ಬರೆಯುವಾಗ ಕಂಡಿತು. ಬೆಳಗಿನ ನಕಲಿನಲ್ಲಿ ಬೆಳಗಿನ ಎಣಿಕೆಯೇ ಇತ್ತು. ಕರೆಂಟು ಹೋಗುವ ಮೊದಲು ಬಳಸಿದ್ದ ಹನ್ನೊಂದು ಕಂತೆಗಳನ್ನು ಯಂತ್ರ ಮರೆತು, ಮತ್ತೊಮ್ಮೆ ಬಳಸಿತ್ತು. ಬೇರೆ ಯಾವ ಕೆಲಸದಲ್ಲಾದರೂ ನಾನು ಮಾಡಿದ್ದು ಜವಾಬ್ದಾರಿ; ಇಲ್ಲಿ ಅದೇ ಅಪಾಯ. ಎರಡು ಸಲ ಬಿಚ್ಚಿದ ಕಂತೆಯಿಂದ ಯಾರಾದರೂ ಸ್ವಲ್ಪ ಶ್ರಮಪಟ್ಟರೆ ಸಂಘ ಎಂದೂ ಮಾಡದ ಸಹಿಯನ್ನು ಮಾಡಬಹುದು. ಅದಕ್ಕೆ ಮುಂದೆಂದೋ ಬರುವ ಯಂತ್ರ ಬೇಕಾಗಿಲ್ಲ, ಇವತ್ತಿನ ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮಂಗಳವಾರ ಹೇಳಲಿಲ್ಲ. ಬುಧವಾರ, ಗುರುವಾರ, ಶುಕ್ರವಾರ ಹೇಳಲಿಲ್ಲ. ಮುಂದಿನ ವಾರ ದೊಡ್ಡ ಖರೀದಿದಾರರು ಸರಪಳಿಯನ್ನು ನೋಡಲು ಬರುವವರಿದ್ದರು. ನಾನು ಬಾಯಿ ಬಿಟ್ಟರೆ ಬೆಳೆಗಾರರು ಬಿಡುತ್ತಾರೆ, ಮಾಸ್ತರ ಕೆಲಸ ಮುಳುಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಶನಿವಾರ ಸರದಿ ನನ್ನ ಹತ್ತಿರ ಬಂದಾಗ ಹೇಳಿದೆ. ಬರೆದುಕೊಂಡು ಬಂದಿದ್ದ ಕಾಗದವನ್ನು ಓದಿದೆ ಅನ್ನುವುದು ಸರಿ. ಉಂಗುರದ ತಟ್ಟು ಒಂದೂ ಬೀಳಲಿಲ್ಲ. ಓದಿ ಮುಗಿಸಿದಾಗ ಮಾಸ್ತರು ಕಣ್ಣು ತೆರೆದು, ನನ್ನನ್ನು ನೋಡದೆ, ಕೈಯಲ್ಲಿದ್ದ ಭಜಿಯನ್ನು ತಟ್ಟೆಗೆ ವಾಪಸ್ ಇಟ್ಟರು.

“ಎಂದ ಗೊತ್ತಾಯ್ತು?”

“ಮಂಗಳವಾರ.”

“ನಾಕು ದಿನಾ” ಅಂದರು. ಅದೊಂದೇ ಅವರು ನನ್ನನ್ನು ಬೈದದ್ದು.

ಮಾಲೀಕರಿಗೆ ಗಾಬರಿಯಾಯಿತು. “ಸರ್, ಖರೀದಿಯವರು ಬಂದು ಹೋಗ್ಲಿ. ಅವರು ಹೋದ ಮರುದಿನ ನೀವ್ ಹೇಳ್ದಂಗ ಎಲ್ಲಾ ಸರಿ ಮಾಡೂಣು. ಹನ್ನೊಂದು ಸಹಿ ಯಾರ್ ಕೂತು ನೋಡ್ತಾರ್ರಿ?”

“ಎಲ್ಲರ ಕಣ್ಣ ಮುಂದ ಬಿದ್ದಾವ. ನೋಡೋರು ಇನ್ನಾ ಬಂದಿಲ್ಲ, ಅಷ್ಟೇ” ಅಂದರು ಮಾಸ್ತರು. ಮೂರು ವರ್ಷದಿಂದ ಆ ಕ್ವಾಂಟಮ್ ಯಂತ್ರದ ಬಗ್ಗೆ ಹೇಳುತ್ತಿದ್ದ ಧ್ವನಿಯಲ್ಲೇ ಹೇಳಿದರು. “ಸೋಮವಾರ ಕಮಲಾಪುರಕ್ಕ ಹೋಗಿ ಹೇಳ್ತೀನಿ.”

“ಅವ್ರು ಬಿಟ್ರ?”

“ಬಿಡ್ತಾರ.”

ಮಾಲೀಕರು ಎದ್ದು ಹೋದರು. ಹಳೆಯ ವಿದ್ಯಾರ್ಥಿ ಆದ್ದರಿಂದ ಬಾಗಿಲನ್ನು ಜೋರಾಗಿ ಹಾಕಲಿಲ್ಲ.

ಸೋಮವಾರ ಬೆಳಿಗ್ಗೆ ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತಿದ್ದರು, ತೊಡೆಯ ಮೇಲೆ ಬಿಳಿ ಪಾಕೀಟುಗಳು. ಸೂಪರ್ ಮಾರ್ಕೆಟಿನಲ್ಲಿ ಕೊಂಡವು. ಸಣ್ಣ ಚೀಟಿಗಳ ಮೇಲೆ ಏನೋ ಬರೆದು ಒಳಗಿಟ್ಟು, ಪಾಕೀಟುಗಳನ್ನು ನಾಲಗೆಯಿಂದ ಒದ್ದೆ ಮಾಡಿ ಅಂಟಿಸಿದರು. ನನ್ನನ್ನು ಏನೂ ಕೇಳಲಿಲ್ಲ. ಅಲ್ಲಿ ನೀನು ಇದನ್ನು ಹೇಳು, ಇದನ್ನು ಹೇಳಬೇಡ ಎಂದೂ ಅನ್ನಲಿಲ್ಲ.

ಶೆಡ್ಡಿನಲ್ಲಿ ಮೂವತ್ತರ ಮೇಲೆ ಜನ ಸೇರಿದ್ದರು. ಸಂಘದ ಅಧ್ಯಕ್ಷೆ ನೀಲಮ್ಮ, ಅರವತ್ತರ ಹತ್ತಿರದ ಹೆಂಗಸು, ಕ್ರೇಟುಗಳ ಮೇಲೆ ಹಲಗೆ ಇಟ್ಟು ಮೇಜು ಮಾಡಿಸಿದ್ದರು. ಬಾಗಿಲ ಬಳಿ ಶರಣಪ್ಪ ನಿಂತಿದ್ದ. ಹೈದರಾಬಾದಿನ ಮಂಡಿಯಲ್ಲಿ ಬೇರೆ ಊರಿನ ಹಣ್ಣು ತನ್ನ ಊರಿನ ಹೆಸರಲ್ಲಿ ಮಾರಾಟವಾಗುವುದನ್ನು ಕಣ್ಣಾರೆ ಕಂಡು ಬಂದವನು. ಸಂಘ ಕಟ್ಟಲು ಮನೆಮನೆ ತಿರುಗಿದವನೂ ಅವನೇ.

ಮಾಸ್ತರು ಆರು ಪಾಕೀಟುಗಳನ್ನು ಹಲಗೆಯ ಮೇಲೆ ಎರಡೆರಡಾಗಿ ಜೋಡಿಸಿದರು. “ನೀಲಮ್ಮ, ಇಲ್ಲಿ ಬರ್ರಿ. ಇವತ್ತ ನೀವು ಕಳ್ಳರು.”

“ನಾ ಒಲ್ಲೆರಿ ಮಾಸ್ತರ. ಶರಣಪ್ಪನ್ನ ಮಾಡ್ರಿ, ಅವಗ ರೂಢಿ ಅದ.”

“ಏ ಅತ್ತಿ, ನಿನ್ನ ಹೊಲದಾಗಿಂದು ಏನ್ ಕದ್ದೀನಿ ನಾ?”

“ನನ್ನ ಕುಡಗೋಲು ಒಯ್ದು ಎರಡು ಹಂಗಾಮಾತು.”

ನಗು ನಿಂತ ಮೇಲೆ ಮಾಸ್ತರು ವಿವರಿಸಿದರು. ಒಂದು ಗೊನೆಯ ಬಗ್ಗೆ ಮೂರು ಪ್ರಶ್ನೆ: ಕಮಲಾಪುರದ್ದೋ? ಮೊದಲ ದರ್ಜೆಯೋ? ಇವತ್ತು ಕಡಿದದ್ದೋ? ಒಂದೊಂದು ಪ್ರಶ್ನೆಗೆ ಎರಡು ಪಾಕೀಟು, ‘ಹೌದು’ ಅನ್ನುವುದಕ್ಕೆ ಒಂದು, ‘ಅಲ್ಲ’ ಅನ್ನುವುದಕ್ಕೆ ಒಂದು. ಪ್ರತಿಯೊಂದರೊಳಗೆ ಅವರೊಬ್ಬರಿಗೇ ಗೊತ್ತಿರುವ ಒಂದು ಮಾತು. ನಿಜವಾದ ಸಹಿಯಲ್ಲಿ, ಬಿಚ್ಚಿದ ಮಾತು ಸರಿಯಾದದ್ದೇ ಎಂದು ಪರೀಕ್ಷಿಸುವ ಗುರುತು ಎಲ್ಲರ ಬಳಿ ಮೊದಲೇ ಇರುತ್ತದೆ. ಗುರುತು ನೋಡಿ ಮಾತನ್ನು ಹೇಳಲು ಮಾತ್ರ ಆಗುವುದಿಲ್ಲ.

“ಮೊದಲನೇ ಗೊನಿ. ಕಮಲಾಪುರದ್ದು ಹೌದು, ಮೊದಲ ದರ್ಜೆ ಅಲ್ಲ, ಇವತ್ತಿಂದು ಹೌದು. ನಾ ಸಹಿ ಮಾಡ್ತೀನಿ.” ಮೂರು ಪಾಕೀಟು ಹರಿದರು. ಒಳಗಿನ ಮಾತುಗಳನ್ನು ನೀಲಮ್ಮ ಗಟ್ಟಿಯಾಗಿ ಓದಿದರು: ಉಪ್ಪು, ಹಗ್ಗ, ಜೋಳ.

“ಇಲ್ಲಿಗೆ ಈ ಆರು ಪಾಕೀಟು ಒಲಿಗೆ ಹಾಕಬೇಕು. ಹಾಕಲಿಲ್ಲ ಅಂತ ತಿಳೀರಿ. ಮರತು, ಇನ್ನೊಂದು ಗೊನಿಗೆ ಇವೇ ಪಾಕೀಟಿನಿಂದ ಸಹಿ ಮಾಡ್ದೆ. ಇದು ಬ್ಯಾರೆ ಊರಿಂದು, ಕಮಲಾಪುರದ್ದಲ್ಲ. ಮೊದಲ ದರ್ಜೆ ಹೌದು. ಇವತ್ತಿಂದು ಹೌದು.” ಇನ್ನೆರಡು ಹರಿದರು. ಒಳಗೆ ಕುಡಗೋಲು, ಬುಟ್ಟಿ. ಜೋಳದ್ದು ಆಗಲೇ ಬಿಚ್ಚಿತ್ತು. “ಎರಡೂ ಸಲ ನಾ ಖರೇನೇ ಹೇಳೀನಿ. ಈಗ ನೀಲಮ್ಮ, ನಿಮ್ಮ ಕೈಯಾಗ ಪರ ಊರಿನ ಗೊನಿ ಅದ. ನನ್ನ ಸಹಿ ಹಾಕಿ ಮೊದಲ ದರ್ಜೆ ಕಮಲಾಪುರದ್ದು ಅಂತ ಮಾರ್ರಿ.”

ನೀಲಮ್ಮ ಚೀಟಿಗಳ ಮೇಲೆ ಬಾಗಿದರು. ಬಹಳ ಹೊತ್ತು ಹಿಡಿಯಲಿಲ್ಲ. ಒಂದೊಂದಾಗಿ ಮೂರನ್ನು ಎತ್ತಿ ಸಾಲಾಗಿ ಇಟ್ಟರು. “ಉಪ್ಪು. ಬುಟ್ಟಿ. ಜೋಳ.”

“ಇದು ಯಾರ ಸಹಿ?”

“ನಿಮ್ಮದೇ.”

“ನಾ ಮಾಡೀನೇನು?”

“ಇಲ್ರೀ.” ನೀಲಮ್ಮ ಚೀಟಿಗಳಿಂದ ಕೈ ತೆಗೆದರು, ಬಿಸಿ ಮುಟ್ಟಿದವರಂತೆ.

“ನಮ್ಮ ಮಷಿನ್‌ದಾಗ ಹನ್ನೊಂದು ಸಲ ಹಿಂಗ ಆಗ್ಯದ” ಅಂದರು ಮಾಸ್ತರು.

ಮೊದಲು ದನಿ ತೆಗೆದವನು ಶರಣಪ್ಪ. “ಏನ್ ಮಾಸ್ತರ್ರೀ ಇದು! ಎಂದೋ ಬರೂ ಮಷಿನ್ ತೋರ್ಸಿ, ಹೆದರ್ಸಿ, ಹಳೇದು ಬಿಡ್ಸಿದ್ರಿ. ಈಗ ನೋಡಿದ್ರ ನೀಲಮ್ಮತ್ತಿನೇ ಕೂತಲ್ಲೇ ಕಳ್ಳತನ ಮಾಡಬಹುದು!”

“ಹೌದು.”

“ಹೌದು ಅಂತೀರಲ್ಲ!”

“ಮತ್ತೇನ್ ಅನ್ಲಿ ಶರಣಪ್ಪ? ಹೌದು.”

ನೀಲಮ್ಮ ಕೇಳಿದರು: “ಮಾಡಿದವರು ಯಾರ್ರಿ?”

ಮಾಸ್ತರು ನನ್ನ ಕಡೆ ನೋಡಲೂ ಇಲ್ಲ. ಹರಿದ ಪಾಕೀಟುಗಳ ಚೂರುಗಳನ್ನು ಹಲಗೆಯ ಒಂದು ಮೂಲೆಗೆ ಕೂಡಿಸುತ್ತ ನಿಂತರು. ಅವರು ನನ್ನ ಹೆಸರು ಹೇಳಬಹುದಿತ್ತು, ‘ನಮ್ಮಿಂದ ಆಯ್ತು’ ಎಂದು ಮುಗಿಸಬಹುದಿತ್ತು. ಎರಡೂ ಮಾಡದೆ ಚೂರು ಕೂಡಿಸುತ್ತಲೇ ಇದ್ದರು. ಕೊನೆಗೆ ಕೂಡಿಸಲು ಚೂರು ಉಳಿಯಲಿಲ್ಲ.

“ನಾನ್ರೀ” ಅಂದೆ.

“ಏನಂದ್ಲಕಿ?” ಹಿಂದಿನಿಂದ ಯಾರೋ ಕೇಳಿದರು.

“ನಾ ಮಾಡಿದ್ದು. ದಿನಾ ಮುಂಜಾನಿ ನಕಲು ತೆಗೆದಿಡ್ತಿದ್ದೆ. ಮಷಿನ್ ಕೆಟ್ಟಾಗ ಅದನ್ನೇ ಹಾಕಿದೆ. ಎಣಿಕಿ ಹಿಂದಕ್ಕ ಹೋಗ್ತದ ಅಂತ ಹೊಳೀಲಿಲ್ಲ.”

“ಮಾಸ್ತರ ಹೇಳಿರ್ಲಿಲ್ಲೇನು ನಿನಗ?”

“ತಿಳೀಲಿಲ್ಲಂದ್ರ ಕೇಳು ಅಂದಿದ್ರು. ನಾ ಕೇಳಲಿಲ್ಲ.”

ಆಗ ಮಾಸ್ತರು ಬಾಯಿ ತೆರೆದರು. “ನಂದೂ ತಪ್ಪದ. ತಿಳೀತೇನು ಅಂತ ಕೇಳ್ದೆ. ಏನ್ ತಿಳೀತು ಅಂತ ಕೇಳಲಿಲ್ಲ.”

ಮುಂದೆ ಏನು ಮಾಡಬೇಕೆಂಬುದನ್ನು ಅವರು ಐದು ನಿಮಿಷದಲ್ಲಿ ಹೇಳಿ ಮುಗಿಸಿದರು. ಶೆಡ್ಡಿನ ಯಂತ್ರದ ಎಲ್ಲ ಕಂತೆಗಳನ್ನೂ ರದ್ದು ಮಾಡಬೇಕು. ಈ ಹಂಗಾಮಿನಲ್ಲಿ ದಾಖಲಾದ ಪ್ರತಿ ಗೊನೆಯನ್ನೂ ಆಯಾ ಮನೆಯವರು ಬಂದು ಮತ್ತೆ ನೋಡಿ ಒಪ್ಪಬೇಕು. ಯಾಕೆ ರದ್ದಾಯಿತು ಎಂಬುದನ್ನು ಸರಪಳಿಯಲ್ಲಿ ಬರೆಯಬೇಕು, ಅದನ್ನು ಎಂದೂ ಅಳಿಸಲಾಗದು, ಖರೀದಿಯವರೂ ಓದುತ್ತಾರೆ. ಶರಣಪ್ಪ ಪೂರ್ತಿ ಕೇಳಲಿಲ್ಲ. “ನನ್ನ ಹೆಸರು ತೆಗೀರಿ” ಎಂದು ಹೊರಗೆ ನಡೆದ. ಅವನ ಹಿಂದೆ ಇನ್ನೂ ಆರು ಮನೆಯವರು ಎದ್ದರು.

ಉಳಿದವರು ನೀಲಮ್ಮನ ಮುಖ ನೋಡಿದರು. ಅವರು ನನ್ನ ಕಡೆ ತಿರುಗಿ ಹೇಳಿದರು: “ಈಕಿ ವಾರಕ್ಕೊಮ್ಮೆ ಇಲ್ಲಿ ಬರಬೇಕು. ಈ ಎಣಿಕಿ ಮುಂದ ಹೊಂಟದೋ ಹಿಂದ ಹೊಂಟದೋ ನಾವೇ ನೋಡಂಗ ಕಲಿಸಬೇಕು. ಆಗ ಇರ್ತೀವಿ, ಒಂದು ತಿಂಗಳು. ಆಮ್ಯಾಲ ಹೇಳ್ತೀವಿ.”

“ನಾನೂ ಬರ್ತೀನ್ರೀ” ಅಂದರು ಮಾಸ್ತರು.

“ನೀವು ಬ್ಯಾಡ್ರಿ. ನೀವ್ ಹೇಳಿದ್ರ ಇಲ್ಲಿ ಕೂತಾಗ ಎಲ್ಲಾ ತಿಳಿದಂಗ ಅನಸ್ತದ. ಮನಿಗೆ ಹೋಗಿ ರೊಟ್ಟಿ ಬಡೀವಾಗ ಏನೂ ನೆನಪಿರಂಗಿಲ್ಲ.”

ಮಾಸ್ತರು ಇದಕ್ಕೆ ಮನಸ್ಸು ಬಿಚ್ಚಿ ನಕ್ಕರು. ಮೂವತ್ತು ವರ್ಷ ಕಲಿಸಿದರೂ ತಮಗೆ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ ಎಂದು ಬಸ್ ನಿಲ್ದಾಣದವರೆಗೂ ಹೇಳುತ್ತ ಬಂದರು.

ರದ್ದು ಮಾಡಿದ ದಾಖಲೆಯನ್ನು ಬರೆದವಳು ನಾನೇ. ಕಾರಣದ ಜಾಗದಲ್ಲಿ ನಡೆದದ್ದನ್ನು ಬರೆದು ನನ್ನ ಹೆಸರು ಹಾಕಿದೆ. ನನ್ನ ಹೆಸರು ನಾಲ್ಕು ಜನರಿಗೆ ಕಾಣುವ ಕಡೆ ಇರುವುದು ನನಗೆ ಯಾವತ್ತೂ ಇಷ್ಟವಿಲ್ಲ. ಖರೀದಿಯವರು ಬಂದು ಅದನ್ನು ಎರಡು ಸಲ ಓದಿದರು, ಇನ್ನೊಂದು ಹಂಗಾಮು ನೋಡಿ ಹೇಳುತ್ತೇವೆ ಎಂದು ಹೋದರು. ಮಾಲೀಕರು ಎರಡು ವಾರ ಮಾಸ್ತರ ಜೊತೆ ಮಾತಾಡಲಿಲ್ಲ. ಕೆಲಸವನ್ನು ಮಾತ್ರ ಮುಚ್ಚಲಿಲ್ಲ; ಬೆಳೆಗಾರರು ಕೊಟ್ಟ ಒಂದು ತಿಂಗಳನ್ನು ಅವರೂ ಕೊಟ್ಟರು.

ಮೊದಲ ಗುರುವಾರ ನಾನು ಕಮಲಾಪುರದ ಬಸ್ಸು ಹತ್ತಿದಾಗ ಮಾಸ್ತರು ಒಳಗೆ ಕೂತಿದ್ದರು. “ಒಳಗ ಬರಂಗಿಲ್ಲ. ಹೊರಗ ಕೂಡ್ತೀನಿ” ಅಂದರು. ನನಗೆ ಎಷ್ಟು ಧೈರ್ಯ ಬಂತೆಂದರೆ, ದಾರಿಯಲ್ಲಿ ನಾನೇ ಅವರ ಟಿಕೆಟ್ ತೆಗೆಸಿದೆ. ಶೆಡ್ಡಿನ ಎದುರು ಒಂದು ಕಲ್ಲಿನ ಮೇಲೆ ನೆರಳು ನೋಡಿ ಕೂತರು. ನಾನು ತಡವರಿಸಿದರೆ ಎದ್ದು ಬರುತ್ತಾರೆ ಎಂದುಕೊಂಡೆ.

ಒಳಗೆ ಹದಿನೈದು ಇಪ್ಪತ್ತು ಜನ, ಹೆಚ್ಚಿನವರು ಹೆಂಗಸರು. ಎಣಿಕೆ ನೋಡುವುದನ್ನು ತೋರಿಸಿದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಿತ್ತು. ಅರ್ಧ ಗಂಟೆಯ ಮೇಲೆ ಬಾಗಿಲ ಕಡೆಯಿಂದ ಒಂದು ಪ್ರಶ್ನೆ ಬಂತು. ಶರಣಪ್ಪ. ಹೆಸರು ತೆಗೆಸಿದವನು, ತನ್ನ ಕ್ರೇಟು ಒಯ್ಯಲು ಬಂದು ಹೊಸ್ತಿಲ ಹೊರಗೆ ನಿಂತಿದ್ದ.

“ನನ್ನದೊಂದು ಪ್ರಶ್ನಿ ಅದ. ಹಳೇ ಕೀಲಿ ಎಂದೋ ಬರೂ ಆ ಮಷಿನ್ ತೆಗೀತದ ಅಂತೀರಿ. ಪಾಕೀಟು ಯಾಕ ತೆಗಿಯಂಗಿಲ್ಲ? ಮಷಿನ್ ಅದೇ ಅಲ್ಲ?”

ಎಲ್ಲರೂ ನನ್ನನ್ನು ನೋಡಿದರು. ನನಗೆ ಪುಸ್ತಕದ ಉತ್ತರ ಗೊತ್ತಿತ್ತು. ಅದರಲ್ಲಿ ನಾನು ಮೂರು ದೊಡ್ಡ ಶಬ್ದಗಳನ್ನು ಬಳಸಬೇಕಿತ್ತು, ಒಂದನ್ನೂ ಪೂರ್ತಿ ಬಲ್ಲವಳಲ್ಲ. ಶರಣಪ್ಪನ ಹೆಗಲ ಮೇಲಿಂದ ಹೊರಗೆ ನೋಡಿದೆ. ಕಲ್ಲು ಖಾಲಿಯಿತ್ತು.

“ಮಾಸ್ತರ ಆಗ್ಲೇ ಹೋದ್ರು” ಅಂದರು ನೀಲಮ್ಮ. “ಹನ್ನೊಂದರ ಬಸ್ಸಿಗೆ. ಆಕಿಗೆ ಹೇಳಬ್ಯಾಡ್ರಿ ಅಂದ್ರು.”

ನಾನು ಮತ್ತೆ ಒಳಗಿನವರ ಕಡೆ ತಿರುಗಿದೆ. ಯಾರೂ ಎದ್ದು ಹೋಗಲಿಲ್ಲ.

“ನನಗೂ ಇದು ಪೂರಾ ತಿಳಿದಿಲ್ರೀ” ಅಂದೆ. ಈ ಸಲ ಎಲ್ಲರಿಗೂ ಕೇಳಿಸಿತು. “ತಿಳಿದಷ್ಟು ಹೇಳ್ತೀನಿ. ಹಳೇ ಕೀಲಿಯೊಳಗ ಒಂದು ಲಯ ಅದ, ಮತ್ತ ಮತ್ತ ಬರೂದು. ಆ ಮಷಿನ್ ಅದನ್ನ ಹಿಡೀತದ. ಪಾಕೀಟಿನಾಗ ಅಂಥ ಲಯ ಇಲ್ಲ, ಬರೇ ಊಹಾ ಮಾಡಬೇಕು. ಊಹಾ ಮಾಡೂದ್ರಾಗೂ ಅದು ನಮಗಿಂತ ಜೋರದ, ಅದಕ್ಕ ಒಳಗಿನ ಮಾತು ಉದ್ದಂದು ಇಡ್ತೀವಿ. ಮುಂದ ಯಾರರೆ ಬ್ಯಾರೆ ದಾರಿ ಹುಡುಕಂಗೇ ಇಲ್ಲ ಅಂತ ಯಾರೂ ಇನ್ನಾ ತೋರ್ಸಿಲ್ಲ. ಹುಡುಕಿದ್ರ ಮತ್ತ ಬದಲ್ ಮಾಡಬೇಕಾಗ್ತದ. ನನಗ ಗೊತ್ತಿದ್ದದ್ದು ಇಷ್ಟೇ.”

ಶರಣಪ್ಪ ಕ್ರೇಟನ್ನು ಕೆಳಗಿಟ್ಟ. ಸ್ವಲ್ಪ ಹೊತ್ತು ಅದರ ಅಂಚಿಗೆ ಕೈಯಿಟ್ಟುಕೊಂಡೇ ನಿಂತಿದ್ದ. ಆಮೇಲೆ ಚಪ್ಪಲಿ ಕಳಚಿ ಒಳಗೆ ಬಂದು, ನೀಲಮ್ಮನ ಹಿಂದೆ ನೆಲದ ಮೇಲೆ ಕೂತ.

“ಆ ಎಣಿಕಿ ನೋಡೂದು ಇನ್ನೊಮ್ಮಿ ತೋರ್ಸು” ಅಂದ. “ನಾ ಆಗ ಹೊರಗಿದ್ದೆ.”